ಡೀಸೆಲ್ ಎಂಜಿನ್ ಕೂತಿರೋ 1968ರ ಜೀಪು: ವಿಂಟೇಜ್ ನೋಂದಣಿನಾ, ಮಾಮೂಲಿ ಎಫ್‌ಸಿನಾ?

ಕಾಫಿಘಾಟ್:
ಗಾಡಿ 1968ರ ಮಹೀಂದ್ರ ಸಿಜೆ-3ಬಿ, ಎಂವೈ ಸರಣಿಯ (ಮೈಸೂರು ರಾಜ್ಯದ ಕಾಲದ) ಹಳೇ ನಂಬರ್. ಆರ್‌ಸಿ ಪುಸ್ತಕ ಅಜ್ಜನ ಹೆಸರಲ್ಲಿದೆ, ಅವರು ತೀರಿಕೊಂಡಿದ್ದಾರೆ. ಪುಸ್ತಕದ ಮೊದಲ ಪುಟದಲ್ಲಿ ಪೆಟ್ರೋಲ್ ಅಂತಿದೆ. ಎಂಜಿನ್ ನಂಬರ್ ಇದ್ದ ಪುಟ ಗೆದ್ದಲು ತಿಂದಿದೆ. ಗಾಡಿಯಲ್ಲಿ ಈಗ ಕೂತಿರೋದು ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್, ಜೊತೆಗೆ ನಾಲ್ಕು ಗೇರಿನ ಬಾಕ್ಸ್. ಹಿಂದಿನ ಬಾಡಿ ಸುಮಾರು 10 ಇಂಚು ಉದ್ದ ಮಾಡಿ ಹಾರ್ಡ್‌ಟಾಪ್ ಹಾಕಿದ್ದಾರೆ. ಚಾಸಿ ಕತ್ತರಿಸಿಲ್ಲ. ಎಫ್‌ಸಿ (ನೋಂದಣಿ ನವೀಕರಣ) 2009ಕ್ಕೆ ಮುಗಿದಿದೆ. ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ದಾಖಲೆಯೇ ಇಲ್ಲ ಅನ್ನುತ್ತೆ.

ವಿಂಟೇಜ್ ಅಂತ ಮಾಡಿಸಬಹುದಾ? ಇಲ್ಲ ಅಂದ್ರೆ ಮಾಮೂಲಿ ಎಫ್‌ಸಿಗೆ ಹೋಗೋದಾ? ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿರೋರು ಹೇಳಿ.

ಫಾರಂ_ಇಪ್ಪತ್ತು:
ಮೊದಲು ಸ್ಪ್ಯಾನರ್ ಕೆಳಗಿಡಿ. ಬಿ ಎಕ್ಸ್‌ಟ್ರ್ಯಾಕ್ಟ್, ಅಂದ್ರೆ ಆರ್‌ಟಿಓ ರಿಜಿಸ್ಟರ್‌ನಲ್ಲಿ ನಿಮ್ಮ ಗಾಡಿಯ ಪುಟದ ನಕಲು, ಕೈಗೆ ಬರೋ ತನಕ ಗಾಡಿಯ ಒಂದು ನಟ್ಟೂ ಬಿಚ್ಚಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಆರ್‌ಟಿಓ ಕಚೇರಿಯ ರಿಜಿಸ್ಟರ್‌ನಲ್ಲಿ. ಗಾಡಿ ನೋಡಿ ಯಾರೂ ಹೇಳೋಕಾಗಲ್ಲ.

ವಿಂಟೇಜ್ ನಿಯಮ ಬಂದಿದ್ದು 2021ರ ಜುಲೈನಲ್ಲಿ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎ ಇಂದ 81ಜಿ ವರೆಗೆ ಸೇರಿಸಿದರು. ದ್ವಿಚಕ್ರ ಅಥವಾ ನಾಲ್ಕು ಚಕ್ರದ ಖಾಸಗಿ ವಾಹನ ಆಗಿರಬೇಕು, ಮೊದಲ ನೋಂದಣಿಯ ದಿನದಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ನಿಮ್ಮ ಗಾಡಿ ವಯಸ್ಸಿನಲ್ಲಿ ಪಾಸು. ಎಂಜಿನ್‌ನಲ್ಲಿ ಫೇಲು, ಬಾಡಿಯಲ್ಲೂ ಫೇಲು. ಇದ್ದ ಹಾಗೇ ಒಯ್ದರೆ ವಿಂಟೇಜ್ ಸಮಿತಿ ಪಾಸು ಮಾಡಲ್ಲ, ಅದರಲ್ಲಿ ಅನುಮಾನ ಬೇಡ.

ಮಾಮೂಲಿ ನವೀಕರಣ, ಅಂದ್ರೆ ನಾವು ಎಫ್‌ಸಿ ಅಂತೀವಲ್ಲ, ಅದು ಫಾರಂ 25. ಐದೈದು ವರ್ಷಕ್ಕೆ ಮಾಡಿಸ್ತಾ ಹೋಗಬಹುದು. ಅಲ್ಲಿ ಮೂಲ ರೂಪದ ಪ್ರಶ್ನೆ ಬರಲ್ಲ. ಗಾಡಿ ದಾಖಲೆಯ ಪ್ರಕಾರ ಇದೆಯಾ ಅಂತ ಮಾತ್ರ ನೋಡ್ತಾರೆ. ಹಾಗಾಗಿ ಡೀಸೆಲ್ ಎಂಜಿನ್ ದಾಖಲೆಗೆ ಹತ್ತಿದೆಯಾ ಇಲ್ಲವಾ ಅನ್ನೋದೇ ಇಲ್ಲಿ ಮುಖ್ಯ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈಗ ಇರೋ ಬಿಗಿ ರೂಪಕ್ಕೆ ಬಂದಿದ್ದು 2000ದ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ, ಮಾಲೀಕ ನೋಂದಣಿ ಪ್ರಾಧಿಕಾರಕ್ಕೆ ನೋಟಿಸ್ ಕೊಟ್ಟು ಒಪ್ಪಿಗೆ ಪಡೆದರೆ ಎಂಜಿನ್ ಬದಲಾಯಿಸಬಹುದಿತ್ತು. ಮಲೆನಾಡಿನ ಎಷ್ಟೋ ಜೀಪುಗಳಿಗೆ 80, 90ರ ದಶಕದಲ್ಲಿ ಡೀಸೆಲ್ ಕೂರಿಸಿ ಹೀಗೇ ಎಂಟ್ರಿ ಮಾಡಿಸಿದ್ದಾರೆ. ಆಗಿನ ಕಾನೂನಿನಲ್ಲಿ ಮಂಜೂರಾದದ್ದನ್ನು ಈಗಿನ ಕಾನೂನು ಅಳಿಸಿಹಾಕಲ್ಲ. ಎಂಟ್ರಿ ಇದ್ದರೆ ನೀವು ಬಚಾವ್. 2000ದ ನಂತರ ಕೂರಿಸಿದ್ದರೆ, ಅಥವಾ ಮೊದಲೇ ಕೂರಿಸಿದ್ದರೂ ಎಂಟ್ರಿ ಇಲ್ಲದಿದ್ದರೆ, ಈಗ ಸಕ್ರಮ ಮಾಡಿಸೋ ದಾರಿ ಇಲ್ಲ. ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಆದರೆ ಮಾತ್ರ ಅನುಮತಿ ಪಡೆದು ಹಾಕಬಹುದು. ಈ ಜೀಪಿಗೆ ಮೂಲದಲ್ಲಿ ಬರ್ತಿದ್ದ ಹರಿಕೇನ್ ಪೆಟ್ರೋಲ್ ಎಂಜಿನ್ ಜಾಗಕ್ಕೆ ಪ್ಯೂಜೋ ಡೀಸೆಲ್ ಅನ್ನೋದು ಅದೇ ಮಾದರಿ ಅಲ್ಲವೇ ಅಲ್ಲ.

ಲೋ_ರೇಂಜ್:
ಇಷ್ಟೆಲ್ಲ ಯಾಕೆ ಮಾರಾಯ್ರೆ? ನಮ್ಮ ಕಡೆ ತೋಟದಲ್ಲಿ ಓಡೋ ಜೀಪು ಎಲ್ಲವೂ ಹೀಗೇ. ಏಜೆಂಟ್ ಕೈಗೆ ಕೊಟ್ಟರೆ ಹೊಸ ಸ್ಮಾರ್ಟ್ ಕಾರ್ಡೇ ಬರುತ್ತೆ ಅಂತಾರೆ.

ಫಾರಂ_ಇಪ್ಪತ್ತು:
ತೋಟದ ಗೇಟಿನ ಒಳಗೆ ಓಡಿಸಿದರೆ ಯಾರೂ ಕೇಳಲ್ಲ. ಆದರೆ ಕಾನೂನಿನ ಪ್ರಕಾರ ಸಾರ್ವಜನಿಕ ಜಾಗವೇ ಇರಲಿ, ಬೇರೆ ಜಾಗವೇ ಇರಲಿ, ಓಡಿಸೋಕೆ ನೋಂದಣಿ ಬೇಕು. ಡಾಂಬರು ರಸ್ತೆಗೆ ಬಂದ ಮೇಲೆ ಲೆಕ್ಕ ಬೇರೆ. 2019ರ ತಿದ್ದುಪಡಿಯ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ದೊಡ್ಡ ತಲೆನೋವು ಅಪಘಾತದ್ದು. ಪೆಟ್ರೋಲ್ ಅಂತ ಪಾಲಿಸಿ ಮಾಡಿಸಿದ ಗಾಡಿಯಲ್ಲಿ ಡೀಸೆಲ್ ಎಂಜಿನ್ ಸಿಕ್ಕರೆ ವಿಮಾ ಕಂಪನಿ ಮೊದಲು ಎತ್ತೋ ತಕರಾರೇ ಅದು.

ಏಜೆಂಟ್ ಮಾಡಿಸಿಕೊಡೋ ಕಾರ್ಡ್ ಬಗ್ಗೆ ಒಂದು ಮಾತು. ಹೆಚ್ಚಿನ ಸಲ ಮೂಲ ರಿಜಿಸ್ಟರ್ ನೋಡದೆ, ಗಾಡಿ ಮೇಲೆ ಕಾಣೋ ನಂಬರನ್ನೇ ದಾಖಲೆಗೆ ಹತ್ತಿಸಿಬಿಡ್ತಾರೆ. ಮುಂದೆ ಮಾರುವಾಗ ಯಾರಾದರೂ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿದರೆ ಎರಡೂ ತಾಳೆಯಾಗಲ್ಲ. ಆಗ ಸಿಕ್ಕಿಹಾಕಿಕೊಳ್ಳೋದು ಕಾರ್ಡಿನಲ್ಲಿ ಹೆಸರಿರೋ ಮಾಲೀಕ. ಏಜೆಂಟ್ ಹೆಸರು ಎಲ್ಲೂ ಇರಲ್ಲ.

ಬ್ರೇಕ್_ಇನ್‌ಸ್ಪೆಕ್ಟರ್_ನಿವೃತ್ತ:
ಬಿ ಎಕ್ಸ್‌ಟ್ರ್ಯಾಕ್ಟ್ ಎಲ್ಲಿ ಕೇಳಬೇಕು ಅನ್ನೋದರಲ್ಲೇ ಅರ್ಧ ಜನ ಎಡವುತ್ತಾರೆ. ಈಗಿನ ನಿಮ್ಮ ಕಚೇರಿಯಲ್ಲಿ ಹಳೇ ಪುಸ್ತಕ ಇರಬೇಕೆಂದೇನೂ ಇಲ್ಲ. ಉದಾಹರಣೆಗೆ, ಸಕಲೇಶಪುರದ ಕೆಎ-46 ಕಚೇರಿ ಆಮೇಲೆ ಬಂದದ್ದು. ಎಂವೈ, ಸಿಎ ಕಾಲದ ರಿಜಿಸ್ಟರ್ ಹಾಸನದಲ್ಲಿರುವ ಸಾಧ್ಯತೆ ಹೆಚ್ಚು. ಹಾಗೇ ಪ್ರತಿ ಜಿಲ್ಲೆಯಲ್ಲೂ. ಗಾಡಿ ಮೊದಲು ಎಲ್ಲಿ ನೋಂದಣಿಯಾಯಿತೋ ಅಲ್ಲಿಂದ ಶುರು ಮಾಡಿ, ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮೇಲೆ ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ವಿಚಾರಿಸಬೇಕು.

ಅರ್ಜಿಯಲ್ಲಿ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಮಾಲೀಕರ ಹೆಸರು ಮೂರೂ ಬರೆಯಿರಿ. ಹಳೇ ಪುಸ್ತಕದಲ್ಲಿ ಹುಡುಕುವವರಿಗೆ ನೋಂದಣಿಯ ಅಂದಾಜು ವರ್ಷ ಕೊಟ್ಟರೆ ಕೆಲಸ ಬೇಗ ಆಗುತ್ತೆ. 'ರಿಜಿಸ್ಟರ್ ಸಿಗ್ತಿಲ್ಲ' ಅಂತ ಬಾಯಿಮಾತಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಇಂಥ ನಂಬರಿನ ವಾಹನದ ಬಿ ರಿಜಿಸ್ಟರ್ ಪುಟದ ದೃಢೀಕೃತ ಪ್ರತಿ ಬೇಕು ಅಂತ ಬರೆದು ಕೊಡಿ. 30 ದಿನದೊಳಗೆ ಪ್ರತಿ ಬರಬೇಕು, ಇಲ್ಲ ಸಿಗುತ್ತಿಲ್ಲ ಅನ್ನೋ ಲಿಖಿತ ಉತ್ತರ ಬರಬೇಕು. ಲಿಖಿತ ಉತ್ತರವೂ ಒಂದು ದಾಖಲೆಯೇ, ಮುಂದೆ ಕೆಲಸಕ್ಕೆ ಬರುತ್ತೆ. ಆರ್‌ಸಿ ಪುಸ್ತಕ ಹರಿದಿರಲಿ, ಗೆದ್ದಲು ತಿಂದಿರಲಿ, ಉಳಿದ ಚೂರನ್ನು ಎಸೆಯಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. ಮೊಹರಿನ ಶಾಯಿ, ಕಾಗದದ ಹಿಂಬದಿಯ ಎಂಟ್ರಿ ಎಲ್ಲ ಅಧಿಕಾರಿ ಕೈಯಲ್ಲಿ ಹಿಡಿದು ನೋಡೋ ಹಾಗಿರಬೇಕು.

ಇನ್ನು ಚಾಸಿ ನಂಬರ್. ತಪಾಸಣೆಯಲ್ಲಿ ಫೈಲ್ ಬೀಳೋದು ಬಹುತೇಕ ಇಲ್ಲೇ. ಐವತ್ತು ವರ್ಷದ ಕೆಸರು, ಗ್ರೀಸು, ಮೇಲಿಂದ ನಾಲ್ಕಾರು ಕೋಟ್ ಪೇಂಟು. ಗ್ರೈಂಡರ್ ಹತ್ತಿರಕ್ಕೂ ತರಬೇಡಿ, ಅಕ್ಷರ ಒಂದು ಸಲ ಸವೆದರೆ ಮುಗೀತು. ಪೇಂಟ್ ರಿಮೂವರ್ ಹಚ್ಚಿ ಬಿಡಿ, ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಕೈಯಿಂದ ಉಜ್ಜಿ, ಡೀಸೆಲ್ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ ಮೇಲ್ಮೈ ಮಾತ್ರ ಒರೆಸಿದರೆ ಗುಂಡಿಯೊಳಗೆ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತೆ. ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ನಂಬರ್ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪೆನ್ಸಿಲ್ ಪ್ರಿಂಟ್ ಮೂರು ನಾಲ್ಕು ತೆಗೆದಿಟ್ಟುಕೊಳ್ಳಿ. 3 ಮತ್ತು 8, 1 ಮತ್ತು 7, ಸೊನ್ನೆ ಮತ್ತು 'ಓ' ಅಕ್ಷರ: ರಿಜಿಸ್ಟರ್‌ನಲ್ಲಿ ಗುಮಾಸ್ತರು ಇವನ್ನು ಅದಲು ಬದಲು ಬರೆದಿರೋದು ಮಾಮೂಲು. ಅಂಥ ವ್ಯತ್ಯಾಸ ಕಂಡರೆ ತಪಾಸಣೆಗೆ ಮುಂಚೆಯೇ ತಿದ್ದುಪಡಿಗೆ ಅರ್ಜಿ ಕೊಡಿ. ತಪಾಸಣೆಯ ದಿನ ಗೊತ್ತಾದರೆ ಅದು ನಂಬರ್ ಹೊಂದಾಣಿಕೆ ಇಲ್ಲ ಅಂತ ವರದಿಯಾಗುತ್ತೆ. ಆಮೇಲೆ ಅದನ್ನು ತೆಗೆಸೋದು ಮಹಾ ಕಷ್ಟ.

ತುಕ್ಕು ತಿಂದು ನಂಬರ್ ಓದೋಕೇ ಆಗದಿದ್ದರೆ ನೀವಾಗಿ ಪಂಚ್ ಮಾಡಿಸಬೇಡಿ. ಮೊದಲು ಲಿಖಿತ ಅನುಮತಿ ತಗೊಳ್ಳಿ, ನಂತರ ಅಧಿಕಾರಿ ಎದುರೇ ಪಂಚ್ ಆಗಬೇಕು. ವರ್ಕ್‌ಶಾಪಿನಲ್ಲಿ ಹೊಡೆಸಿದ ಹೊಸ ಅಕ್ಷರ ಕಂಡರೆ ಕದ್ದ ಗಾಡಿ ಅನ್ನೋ ಅನುಮಾನವೇ ಮೊದಲು ಬರೋದು.

ಡಿಲೈಟ್1100:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 1970ರ ಫಿಯೆಟ್ 1100ಡಿ. ಎಂಜಿನ್ ಬ್ಲಾಕ್ ಮೂಲದ್ದೇ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ, ಎಲೆಕ್ಟ್ರಾನಿಕ್ ಇಗ್ನಿಷನ್, ಮುಂದೆ ಡಿಸ್ಕ್ ಬ್ರೇಕ್, ಬಕೆಟ್ ಸೀಟ್. ಫ್ಲೋರ್ ಮತ್ತು ಸಿಲ್ ತುಕ್ಕು ಹಿಡಿದಿತ್ತು, ಹೊಸ ತಗಡು ಬೆಸುಗೆ ಹಾಕಿದೆ. ಇದು ವಿಂಟೇಜ್ ಆಗುತ್ತಾ?

ಫಾರಂ_ಇಪ್ಪತ್ತು:
ಆಗೋ ಸಾಧ್ಯತೆ ಚೆನ್ನಾಗಿದೆ, ಆದರೆ ಸ್ವಲ್ಪ ತಯಾರಿ ಬೇಕು. ನಿಯಮ ಹೆಸರು ಹಿಡಿದು ಹೇಳೋದು ಚಾಸಿ, ಬಾಡಿ ಶೆಲ್, ಎಂಜಿನ್ ಈ ಮೂರನ್ನೇ. ಆಲ್ಟರ್ನೇಟರ್, ಇಗ್ನಿಷನ್, ಸೀಟು ಆ ಪಟ್ಟಿಯಲ್ಲಿಲ್ಲ. ಆದರೆ 'ಮೂಲ ರೂಪದಲ್ಲಿ' ಅನ್ನೋ ಮಾತೂ ಅದೇ ವಾಕ್ಯದಲ್ಲಿದೆಯಲ್ಲ, ಸಮಿತಿಗೆ ಕೈ ಆಡಿಸೋಕೆ ಜಾಗ ಸಿಗೋದು ಅಲ್ಲೇ. ಬಿಚ್ಚಿ ಹಾಕಬಹುದಾದದ್ದನ್ನೆಲ್ಲ ತಪಾಸಣೆಗೆ ಮುಂಚೆ ಮೂಲದ್ದಕ್ಕೇ ವಾಪಸ್ ಮಾಡಿ. ಬಕೆಟ್ ಸೀಟ್ ಮೊದಲು ತೆಗೆಯಿರಿ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಹೊಡೆಯೋದು ಅದೇ. ಡಿಸ್ಕ್ ಬ್ರೇಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸುರಕ್ಷತೆಗೆ ಹಾಕಿದ್ದನ್ನು ಕಾಗದಕ್ಕೋಸ್ಕರ ತೆಗೆದು ಡ್ರಮ್ ಹಾಕೋದು ನನಗೆ ಸರಿ ಕಾಣಲ್ಲ. ಅರ್ಜಿಯ ಜೊತೆ ಒಂದು ಪುಟದ ಟಿಪ್ಪಣಿ ಇಟ್ಟು, ಇಂಥದ್ದು ಬದಲಾಗಿದೆ, ಬೋಲ್ಟ್ ಬಿಚ್ಚಿದರೆ ಮೂಲ ಭಾಗ ಕೂರುತ್ತೆ, ಮೂಲ ಡ್ರಮ್ ನಮ್ಮ ಹತ್ತಿರ ಇದೆ ಅಂತ ಬರೆಯಿರಿ.

ಬೆಸುಗೆ ವಿಷಯ ಸೂಕ್ಷ್ಮ. 1100ಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಶೆಲ್ಲೇ ಚಾಸಿ. ಹಾಗಾಗಿ ಫ್ಲೋರ್ ಬದಲಾಯಿಸಿದ್ದನ್ನು 'ಶೆಲ್ ಮಾರ್ಪಾಡು' ಅಂತ ಓದುವವರೂ ಇದ್ದಾರೆ. ಅದು ರಿಪೇರಿ ಅಂತ ತೋರಿಸೋದು ನಿಮ್ಮ ಜವಾಬ್ದಾರಿ. ತುಕ್ಕು ಹಿಡಿದಾಗಿನ ಫೋಟೋ, ಕತ್ತರಿಸಿದ ತಗಡು, ಹೊಸ ತಗಡು ಅದೇ ಆಕಾರದಲ್ಲಿ ಕೂತ ಫೋಟೋ, ವರ್ಕ್‌ಶಾಪ್ ಬಿಲ್, ಎಲ್ಲ ಕ್ರಮವಾಗಿ ಇಡಿ. ಫೈರ್‌ವಾಲ್ ಕಡೆ ಬೆಸುಗೆ ಹಾಕಿಸುವಾಗ ನಂಬರ್ ಇರೋ ತಗಡಿಗೆ ಬಿಸಿ ತಾಗದ ಹಾಗೆ ನೋಡಿಕೊಳ್ಳಿ.

ಬಣ್ಣ ಬದಲಾಗಿದೆಯಾ? ಆಗಿದ್ದರೆ ಅದೂ ಆರ್‌ಸಿಗೆ ಹತ್ತಬೇಕು. ಸಣ್ಣ ವಿಷಯ ಅಂತ ಬಿಟ್ಟು ಫೈಲ್ ವಾಪಸ್ ಬರೋದು ಇಂಥದ್ದಕ್ಕೇ.

ಕಾಫಿಘಾಟ್:
ಬಿ ಎಕ್ಸ್‌ಟ್ರ್ಯಾಕ್ಟ್ ಸಿಕ್ಕಿತು. ಎಂಜಿನ್ ನಂಬರ್ ಕಲಂನಲ್ಲಿ ಮೊದಲಿನ ನಂಬರಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಕೆಳಗೆ ಈಗಿನ ಡೀಸೆಲ್ ಎಂಜಿನ್ ನಂಬರ್, ಪಕ್ಕದಲ್ಲಿ 'ಡೀಸೆಲ್ – ಅನುಮೋದಿತ', ದಿನಾಂಕ 14-3-1994, ಚಿಕ್ಕ ಸಹಿ. ಮೊಹರಿಲ್ಲ. ಅನ್‌ಲೇಡನ್ (ಖಾಲಿ ಗಾಡಿಯ) ತೂಕದ ಕಲಂ ಮುಟ್ಟಿಲ್ಲ, 1968ರದ್ದೇ ಇದೆ. ಬಾಡಿ 'ಓಪನ್'. ತಯಾರಕರ ಕಲಂನಲ್ಲಿ 'ವಿಲ್ಲೀಸ್' ಅಂತ ಬರೆದಿದೆ.

ಫಾರಂ_ಇಪ್ಪತ್ತು:
ಎಂಜಿನ್ ವಿಷಯ ಮುಕ್ಕಾಲು ಭಾಗ ಮುಗೀತು. 1994ರ ಎಂಟ್ರಿ ಹಳೇ 52ರ ಕಾಲದ್ದು. ಮೊಹರಿಲ್ಲ ಅಂತ ತಕರಾರು ಬಂದರೆ, ಅದೇ ಪುಟದಲ್ಲಿ ಅದರ ನಂತರದ ಎಂಟ್ರಿಗಳನ್ನು ತೋರಿಸಿ. ನಿಮ್ಮ ಗಾಡಿ 2009ರವರೆಗೆ ನವೀಕರಣ ಆಗಿದೆಯಲ್ಲ, ಅಂದ್ರೆ 1994ರ ನಂತರ ಕಚೇರಿಯೇ ಇದನ್ನು ಡೀಸೆಲ್ ಅಂತ ಒಪ್ಪಿ ನವೀಕರಿಸಿದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಬಾಡಿ ಮಾತ್ರ ಉಳಿಯಲ್ಲ. ಹಳೇ ಕಾನೂನಿನಲ್ಲೂ ಫಿಟ್ಟಿಂಗ್ ಸೇರಿಸಿ ತೆಗೆದು ತೂಕ ಶೇ. 2ರೊಳಗೆ ವ್ಯತ್ಯಾಸವಾದರೆ ಮಾತ್ರ ಒಪ್ಪಿಗೆ ಬೇಕಿರಲಿಲ್ಲ. ದಾಖಲೆಯಲ್ಲಿ 1,100 ಕೆ.ಜಿ. ಇದ್ದರೆ ಶೇ. 2 ಅಂದ್ರೆ 22 ಕೆ.ಜಿ. ಹಾರ್ಡ್‌ಟಾಪ್ ಒಂದೇ ಅದನ್ನು ದಾಟುತ್ತೆ. ಬಾಡಿಗೆ ಒಪ್ಪಿಗೆಯ ಎಂಟ್ರಿಯೂ ಇಲ್ಲ. 2019ರ ಜನವರಿಯಲ್ಲಿ, ಕೇರಳದ ಒಂದು ಪ್ರಕರಣದಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಯಾವ ಅಧಿಕಾರಿಯೂ ಉದ್ದ ಮಾಡಿದ ಬಾಡಿಗೆ ಸಹಿ ಹಾಕಲ್ಲ. ಹಾರ್ಡ್‌ಟಾಪ್ ತೆಗೆದು ಟಾರ್ಪಾಲು ಹುಡ್ ಹಾಕಿ, ಹಿಂದಿನ 10 ಇಂಚು ಕತ್ತರಿಸಿ ಮೂಲ ಅಳತೆಗೆ ತನ್ನಿ. ಸಿಜೆ-3ಬಿ ವೀಲ್‌ಬೇಸ್ 80 ಇಂಚು, ಒಟ್ಟು ಉದ್ದ ಸುಮಾರು 130 ಇಂಚು. ಟೇಪ್ ಹಿಡಿದು ನೀವೇ ಅಳೆದುಕೊಂಡು ಹೋಗಿ.

ತಯಾರಕರ ಹೆಸರಿನ ತೊಡಕು ಬ್ಯಾಕ್‌ಲಾಗ್ ಎಂಟ್ರಿಯಲ್ಲಿ ಬರುತ್ತೆ. ಹಳೇ ಕೈಬರಹದ ದಾಖಲೆಯನ್ನು ವಾಹನ್ ತಂತ್ರಾಂಶಕ್ಕೆ ಏರಿಸುವಾಗ ತಯಾರಕರು, ಮಾದರಿ, ಇಂಧನ ಎಲ್ಲವನ್ನೂ ಪಟ್ಟಿಯಿಂದ ಆರಿಸಬೇಕು. ಅಲ್ಲಿ ಇಂಧನ ಡೀಸೆಲ್ ಅಂತಲೇ ಆರಿಸಿದ್ದಾರಾ, ಮೊದಲ ನೋಂದಣಿಯ ದಿನಾಂಕ 1968ರದ್ದೇ ಹಾಕಿದ್ದಾರಾ ಅಂತ ಕೌಂಟರ್ ಬಿಡೋ ಮುಂಚೆ ನೋಡಿ. ದಿನಾಂಕ ತಪ್ಪಾಗಿ ಬ್ಯಾಕ್‌ಲಾಗ್ ಆದ ವರ್ಷ ಬಿದ್ದರೆ, 1968ರ ಗಾಡಿ ಕಂಪ್ಯೂಟರಿನಲ್ಲಿ ಹೊಸದಾಗಿಬಿಡುತ್ತೆ. ಮುಂದೆ ಯಾವತ್ತಾದರೂ ವಿಂಟೇಜ್‌ಗೆ ಹೋಗ್ತೀರಾದರೆ ಅದೇ ಒಂದು ಅಂಕಿ ಸಾಕು ತಲೆಕೆಡಿಸೋಕೆ.

ಬ್ರೇಕ್_ಇನ್‌ಸ್ಪೆಕ್ಟರ್_ನಿವೃತ್ತ:
ಹೆಸರು ಬದಲಾವಣೆಗೆ ಫಾರಂ 31. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್. ವಂಶವೃಕ್ಷದಲ್ಲಿ ಹೆಸರಿದ್ದು ಅಫಿಡವಿಟ್‌ನಲ್ಲಿ ಸಹಿ ಇಲ್ಲದ ಒಬ್ಬ ಅತ್ತೆ, ಒಬ್ಬ ಚಿಕ್ಕಪ್ಪ ಸಾಕು ಫೈಲ್ ನಿಲ್ಲಿಸೋಕೆ. ವಿದೇಶದಲ್ಲಿರೋರು ಇದ್ದರೆ ಅವರ ಕಾಗದ ಮೊದಲು ತರಿಸಿ. ಕಾನೂನಿನ ಪ್ರಕಾರ ಸಾವಿನ ವಿಷಯ 30 ದಿನದಲ್ಲಿ ತಿಳಿಸಬೇಕು, ಮೂರು ತಿಂಗಳೊಳಗೆ ವರ್ಗಾವಣೆ ಅರ್ಜಿ ಕೊಡಬೇಕು. ತಡವಾದರೆ ದಂಡ ಕಟ್ಟಿಸಿಕೊಳ್ತಾರೆ, ಅರ್ಜಿ ತಿರಸ್ಕರಿಸಲ್ಲ.

ಪುಸ್ತಕದ ಪುಟ ಹೋಗಿರೋದರಿಂದ ನಕಲು ಆರ್‌ಸಿಗೆ ಫಾರಂ 26 ಕೂಡ ಬೇಕು. ಗೆದ್ದಲು ತಿಂದದ್ದಕ್ಕೆ ಉಳಿದ ಚೂರನ್ನೇ ಹಾಜರುಪಡಿಸಿ. ಪೂರ್ತಿ ಕಳೆದವರು ಮಾತ್ರ ಪೊಲೀಸ್ ದೂರಿನ ಪ್ರತಿ ಇಡಬೇಕು. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಪೋರ್ಟಲ್‌ನಲ್ಲಿ ಚಾಸಿ, ಎಂಜಿನ್ ನಂಬರ್ ಹಾಕಿದರೆ ಕಳವಿನ ದಾಖಲೆ ಇಲ್ಲ ಅನ್ನೋ ಪತ್ರ ಬರುತ್ತೆ. ಅದನ್ನೂ ಫೈಲಿಗೆ ಸೇರಿಸಿ. ಯಾವುದೇ ಅರ್ಜಿ ಕೊಟ್ಟರೂ ಸ್ವೀಕೃತಿ ಸಂಖ್ಯೆ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ಡೀಸೆಲ್ ಹೊಗೆ ಪರೀಕ್ಷೆ: ನಿಮ್ಮ ಕಾಲದ ಗಾಡಿಗೆ ಮಿತಿ 65 ಹಾರ್ಟ್ರಿಜ್ (ಹೊಗೆಯ ದಟ್ಟಣೆ ಅಳೆಯೋ ಮಾನ). ಪ್ಯೂಜೋ ಎಂಜಿನ್ ತಣ್ಣಗಿದ್ದಾಗ ಪರೀಕ್ಷೆಗೆ ನಿಲ್ಲಿಸಿದರೆ ಖಂಡಿತ ಫೇಲಾಗುತ್ತೆ. ನಾಝಲ್ ನಾಲ್ಕೂ ಪಂಪ್ ಅಂಗಡಿಯಲ್ಲಿ ಚೆಕ್ ಮಾಡಿಸಿ, ಏರ್ ಫಿಲ್ಟರ್ ತೊಳೆದು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಎರಡು ಮೂರು ಸಲ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಸೈಲೆನ್ಸರ್‌ನ ಮಸಿ ಹೊರಗೆ ಹಾಕಿಸಿ ನಂತರ ಪರೀಕ್ಷೆಗೆ ನಿಲ್ಲಿಸಿ. ಡಿಲೈಟ್ ಅವರ ಪೆಟ್ರೋಲ್ ಕಾರಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ. 3, ಎಚ್‌ಸಿ (ಹೈಡ್ರೋಕಾರ್ಬನ್) 1,500 ಪಿಪಿಎಂ ಮಿತಿ. ಅದು ಕಾರ್ಬ್ಯುರೇಟರ್ ಟ್ಯೂನಿಂಗ್‌ನಲ್ಲೇ ಬರುತ್ತೆ.

ಕಾಫಿಘಾಟ್:
ದುಡ್ಡಿನ ಲೆಕ್ಕ ಯಾರಾದರೂ ಹೇಳ್ತೀರಾ?

ಚಲನ್_ಚಂದ್ರು:
2025ರ ಆಗಸ್ಟ್ ತಿದ್ದುಪಡಿ ಆದ ಮೇಲೆ 20 ವರ್ಷ ದಾಟಿದ ಕಾರು, ಜೀಪಿಗೆ ನವೀಕರಣ ಶುಲ್ಕ 10,000. ಅದಕ್ಕೆ ಮುಂಚೆ 5,000 ಇತ್ತು. ಆಮದು ಮಾಡಿದ ಕಾರಿಗೆ 80,000. ರಾಜ್ಯದ ಹಸಿರು ತೆರಿಗೆ ಬೇರೆ. ದೊಡ್ಡ ಮೊತ್ತ ಬರೋದು ವಿಳಂಬ ಶುಲ್ಕದಲ್ಲಿ, ಕಾರಿಗೆ ತಿಂಗಳಿಗೆ 500. 2009ರಿಂದ 2025ರವರೆಗೆ ಲೆಕ್ಕ ಹಾಕಿದರೆ 16 ವರ್ಷಕ್ಕೇ 96,000 ಆಯಿತು. ಯಾವ ತಿಂಗಳಿಂದ ಎಣಿಸಿದ್ದಾರೆ ಅನ್ನೋ ವಿವರ ಬರವಣಿಗೆಯಲ್ಲಿ ಕೇಳಿ. ಕಂಪ್ಯೂಟರ್ ತೋರಿಸಿದ್ದನ್ನೇ ಕಣ್ಣುಮುಚ್ಚಿ ಕಟ್ಟಬೇಡಿ. ಬ್ಯಾಕ್‌ಲಾಗ್‌ನಲ್ಲಿ ಕೊನೆಯ ನವೀಕರಣದ ದಿನಾಂಕ ತಪ್ಪಾಗಿ ಬಿದ್ದಿದ್ದರೆ ಈ ಮೊತ್ತ ಇನ್ನೂ ಉಬ್ಬುತ್ತೆ.

ವಿಂಟೇಜ್ ಆದರೆ ಹೊಸ ನೋಂದಣಿಗೆ 20,000, ಹತ್ತು ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ಬರೀ ಶುಲ್ಕ ನೋಡಿದರೆ ದೀರ್ಘಕಾಲಕ್ಕೆ ವಿಂಟೇಜ್ ಅಗ್ಗ.

ಲೋ_ರೇಂಜ್:
ಹಾಗಾದರೆ ಡೀಸೆಲ್ ತೆಗೆದು ಪೆಟ್ರೋಲ್ ಎಂಜಿನ್ ವಾಪಸ್ ಹಾಕಿ ವಿಂಟೇಜ್‌ಗೇ ಹೋಗಬಹುದಲ್ವಾ?

ಫಾರಂ_ಇಪ್ಪತ್ತು:
ಹೋಗಬಹುದು. ಆದರೆ ಅಲ್ಲೊಂದು ಗಂಟಿದೆ. ದಾಖಲೆಯಲ್ಲಿ ಈಗ ಡೀಸೆಲ್ ಇದೆ. ಪೆಟ್ರೋಲ್ ಹಾಕಿದರೆ ಅದೂ ಒಂದು 'ಬದಲಾವಣೆ' ಅಂತ ಕೌಂಟರಿನಲ್ಲಿ ಹೇಳ್ತಾರೆ. ಅರ್ಜಿಯಲ್ಲಿ ಈಗಿನ 52ರ ಮಾತನ್ನೇ ಎತ್ತಿ ಬರೆಯಿರಿ: ಕಾನೂನು ತಡೆಯೋದು ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗೋದನ್ನು. ನೀವು ಮಾಡ್ತಿರೋದು ತಯಾರಕರ ವಿವರಕ್ಕೆ ವಾಪಸ್ ಹೋಗೋ ಕೆಲಸ. ಅನುಮತಿ ಮೊದಲು ತಗೊಂಡು ಎಂಜಿನ್ ಆಮೇಲೆ ಇಳಿಸಿ.

ಮೂಲ ಬ್ಲಾಕ್ ಗುಜರಿಗೆ ಹೋಗಿದ್ದರೆ ಇನ್ನೊಂದು ಹರಿಕೇನ್ ಎಫ್-ಹೆಡ್, 2,199 ಸಿಸಿಯದ್ದು, ಹುಡುಕಬೇಕು. ಅದರ ನಂಬರ್ ಬ್ಲಾಕಿನ ಮುಂಭಾಗದಲ್ಲಿ ವಾಟರ್ ಪಂಪ್ ಕೂರೋ ಉಬ್ಬಿನ ಮೇಲಿರುತ್ತೆ. ದುಡ್ಡು ಕೊಡೋ ಮುಂಚೆ ಅದನ್ನು ಉಜ್ಜಿ ಓದಿ. ಬಿಲ್, ಆ ಎಂಜಿನ್ ಇದ್ದ ಗಾಡಿಯ ಆರ್‌ಸಿ ರದ್ದಾದ ಪತ್ರ, ಕಳವಿಲ್ಲ ಅನ್ನೋ ಪತ್ರ ಮೂರೂ ಬೇಕು. ಗುಜರಿ ಅಂಗಡಿಯ ಬಿಳಿ ಚೀಟಿ ನಡೆಯಲ್ಲ. ಎಂಜಿನ್ ಜೊತೆ ಬೆಲ್ ಹೌಸಿಂಗ್, ಟಿ-90 ಮೂರು ಗೇರಿನ ಬಾಕ್ಸ್ ಕೂಡ ತಗೊಳ್ಳಿ. ಡೀಸೆಲ್‌ಗೆ ಹಾಕಿದ ಎಂಜಿನ್ ಮೌಂಟ್‌ಗಳನ್ನು ಚಾಸಿಗೆ ಬೆಸುಗೆ ಹಾಕಿರ್ತಾರೆ, ಅದನ್ನು ನೀಟಾಗಿ ತೆಗೆಸಬೇಕು. ಇಲ್ಲದಿದ್ದರೆ ಎಂಜಿನ್ ಮೂಲದ್ದಾದರೂ ಚಾಸಿ ಮಾರ್ಪಾಡು ಅಂತ ಬರೆಯೋಕೆ ಅದೇ ಸಾಕು. ಇಗ್ನಿಷನ್ ಕಾಯಿಲ್ ವೈರಿಂಗ್ ಹೊಸದಾಗಿ ಎಳೆಯಬೇಕು, ಟ್ಯಾಂಕಿನ ಡೀಸೆಲ್ ರಿಟರ್ನ್ ಪೈಪ್ ಮುಚ್ಚಬೇಕು, ಟ್ಯಾಂಕ್ ಪೂರ್ತಿ ತೊಳೆಯಬೇಕು.

ಇಷ್ಟಾದ ಮೇಲೆ ಫಾರಂ 20 (ನೋಂದಣಿ ಅರ್ಜಿ), ಹಳೇ ಆರ್‌ಸಿ, ವಿಮೆ, ಶುಲ್ಕ. ಆಮದು ಗಾಡಿಯಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್ ಕಾಗದ). ಎಲ್ಲ ಸರಿಯಿದ್ದರೆ 60 ದಿನದೊಳಗೆ ಫಾರಂ 23ಎಯಲ್ಲಿ ನೋಂದಣಿ ಪ್ರಮಾಣಪತ್ರ ಕೊಡಬೇಕು ಅಂತ ನಿಯಮ. ಈಗಾಗಲೇ ನೋಂದಣಿಯಾದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ನಿಮ್ಮ ಎಂವೈ ನಂಬರ್ ಉಳಿಯುತ್ತೆ. ಹೊಸದಾಗಿ ನೋಂದಣಿ ಆಗೋದಕ್ಕೆ ಮಾತ್ರ ರಾಜ್ಯದ ಅಕ್ಷರದ ನಂತರ 'ವಿಎ', ಎರಡಕ್ಷರದ ಸರಣಿ, ನಾಲ್ಕು ಅಂಕಿ.

ಆದರೆ ಯೋಚನೆ ಮಾಡಿ. ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸೋದು, ರಿಪೇರಿ ಇಷ್ಟಕ್ಕೇ ರಸ್ತೆಗೆ ತರಬಹುದು. ಮದುವೆ ಮೆರವಣಿಗೆಗೆ ಬಾಡಿಗೆಗೂ ಕೊಡುವಂತಿಲ್ಲ. ಮಾರಿದರೆ 90 ದಿನದೊಳಗೆ ಕೊಟ್ಟವರೂ ಕೊಂಡವರೂ ತಂತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ತೋಟಕ್ಕೆ ಗೊಬ್ಬರ ಹೇರೋ ಜೀಪಿಗೆ ವಿಂಟೇಜ್ ತಗೊಂಡು ಏನು ಮಾಡ್ತೀರಿ? ನಿಮ್ಮ ಜಾಗದಲ್ಲಿ ನಾನಿದ್ದರೆ ಡೀಸೆಲ್ ಎಂಟ್ರಿ ಇಟ್ಟುಕೊಂಡು ಫಾರಂ 25ಕ್ಕೇ ಹೋಗ್ತಿದ್ದೆ.

ಆಲಿವ್_ಗ್ರೀನ್:
ಸೇನೆಯ ಹರಾಜಿನ ಜೀಪಿಗೂ ಇದೇ ಲೆಕ್ಕವಾ? ತಯಾರಾಗಿದ್ದು 1962, ನಾಗರಿಕ ನೋಂದಣಿ 1983.

ಬ್ರೇಕ್_ಇನ್‌ಸ್ಪೆಕ್ಟರ್_ನಿವೃತ್ತ:
ನಿಯಮದಲ್ಲಿ ಎಣಿಸೋದು ಮೊದಲ ನೋಂದಣಿಯಿಂದ. ಕೌಂಟರಿನಲ್ಲಿ 1983 ಹಿಡಿದರೆ 2033ರವರೆಗೆ ವಿಂಟೇಜ್ ಅಲ್ಲ ಅಂತಾರೆ. ಸೇನೆಯಲ್ಲಿದ್ದಾಗಲೂ ಅದಕ್ಕೆ ಬಾಣದ ಗುರುತಿನ ನಂಬರ್ ಇತ್ತು, ಅದೂ ನೋಂದಣಿಯೇ ಅಂತ ವಾದಿಸಬಹುದು. ಅದಕ್ಕೆ ಹರಾಜಿನ ಬಿಡುಗಡೆ ಆದೇಶದಲ್ಲಿ ಆ ಸೇನಾ ನಂಬರ್ ಮತ್ತು ವರ್ಷ ಎರಡೂ ಇರಬೇಕು. ಆ ಕಾಗದ ಇದೆಯಾ ನೋಡಿ. ಇಲ್ಲದಿದ್ದರೆ ವಾದಕ್ಕೆ ಆಧಾರವಿಲ್ಲ, ಮಾಮೂಲಿ ನವೀಕರಣದಲ್ಲೇ ಇರಿ.

ಟ್ಯಾಕ್ಸಿ ಜೀಪಾಗಿ ಓಡಿದ ಗಾಡಿಗಳು ಇನ್ನೂ ಬಾಡಿಗೆ ವರ್ಗದಲ್ಲೇ ಇರ್ತವೆ. ಅಂಥವಕ್ಕೆ ಪರ್ಮಿಟ್ ಒಪ್ಪಿಸಿ, ತೆರಿಗೆ ಬಾಕಿ ತೀರಿಸಿ, ಖಾಸಗಿ ವರ್ಗಕ್ಕೆ ಬದಲಾಯಿಸಿಕೊಂಡ ಮೇಲೇ ಉಳಿದ ಮಾತು.

ಬ್ಯಾಟರಿ_ಬಸವ:
ಹಳೇ ಅಂಬಾಸಿಡರ್‌ಗೆ ಎಲೆಕ್ಟ್ರಿಕ್ ಕಿಟ್ ಹಾಕಿ ವಿಂಟೇಜ್ ಮಾಡಿಸಬಹುದಾ?

ಫಾರಂ_ಇಪ್ಪತ್ತು:
ಎರಡೂ ಒಟ್ಟಿಗೆ ಆಗಲ್ಲ. ಎಆರ್‌ಎಐ ತರಹದ ವಾಹನ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದ ಕಿಟ್ ಆದರೆ ವಿದ್ಯುತ್ ವಾಹನ ಅಂತ ಎಂಟ್ರಿ ಮಾಡಿಸಬಹುದು. ಆದರೆ ನಿಮ್ಮ ಮಾದರಿಗೇ ಅನುಮೋದನೆಯಾದ ಕಿಟ್ ಇರಬೇಕು. ಎಂಜಿನ್ ತೆಗೆದ ದಿನವೇ ವಿಂಟೇಜ್ ಅರ್ಹತೆ ಹೋಗುತ್ತೆ.

ಕಾಫಿಘಾಟ್:
ವಿಮಾ ಕಂಪನಿಯಲ್ಲಿ ಚಾಲ್ತಿ ಆರ್‌ಸಿ ಕೇಳ್ತಿದ್ದಾರೆ, ಆರ್‌ಟಿಓದಲ್ಲಿ ವಿಮೆ ಕೇಳ್ತಿದ್ದಾರೆ. ಮೊದಲು ಯಾವುದು?

ಚಲನ್_ಚಂದ್ರು:
ಆನ್‌ಲೈನ್‌ನಲ್ಲಿ ಪ್ರಯತ್ನಿಸಬೇಡಿ, 1968 ಅಂತ ಹಾಕಿದರೆ ಎಷ್ಟೋ ಕಡೆ ಮುಂದಕ್ಕೇ ಹೋಗಲ್ಲ. ಸರ್ಕಾರಿ ವಿಮಾ ಕಂಪನಿಯ ಶಾಖೆಗೆ ಬಿ ಎಕ್ಸ್‌ಟ್ರ್ಯಾಕ್ಟ್, ಪೆನ್ಸಿಲ್ ಪ್ರಿಂಟ್, ನವೀಕರಣ ಅರ್ಜಿಯ ಸ್ವೀಕೃತಿ ಹಿಡಿದು ಹೋಗಿ, ಥರ್ಡ್ ಪಾರ್ಟಿ ಮಾತ್ರ ಕೇಳಿ. ಪಾಲಿಸಿಯಲ್ಲಿ ಎಂಜಿನ್ ನಂಬರ್ 1994ರದ್ದು, ಇಂಧನ ಡೀಸೆಲ್ ಅಂತಲೇ ಇರಲಿ. ವಿಂಟೇಜ್ ಆದ ಕಾರಿಗೆ 2022ರ ನಿಯಮದಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಮೇಲೆ ಶೇ. 50 ರಿಯಾಯಿತಿ ಇದೆ. ಆದರೆ ಅದು ವಿಂಟೇಜ್ ಅಂತ ನೋಂದಣಿಯಾದ ಮೇಲೆ ಮಾತ್ರ.

ಕಾಫಿಘಾಟ್:
ಬಾಡಿ ಕೆಲಸಕ್ಕೆ ಕೊಡ್ತೀನಿ. ತಪಾಸಣೆಗೆ ಗಾಡಿ ಓಡಿಸಿಕೊಂಡೇ ಹೋಗಬಹುದಾ?

ಬ್ರೇಕ್_ಇನ್‌ಸ್ಪೆಕ್ಟರ್_ನಿವೃತ್ತ:
ಬೇಡ. 2009ರಿಂದ ನವೀಕರಣವಿಲ್ಲದ ಗಾಡಿಯನ್ನು ದಾರಿಯಲ್ಲಿ ಪೊಲೀಸರು ಹಿಡಿದರೆ ಅಲ್ಲೇ ಇನ್ನೊಂದು ಕೇಸು. ಫ್ಲಾಟ್‌ಬೆಡ್ ಮೇಲೆ ಒಯ್ಯಿರಿ. ಹಾರ್ನ್, ವೈಪರ್, ಹೆಡ್‌ಲೈಟ್ ಡಿಮ್-ಡಿಪ್, ಇಂಡಿಕೇಟರ್, ಬ್ರೇಕ್ ಲೈಟ್, ಹ್ಯಾಂಡ್‌ಬ್ರೇಕ್ ಹಿಂದಿನ ಸಂಜೆಯೇ ನೋಡಿಕೊಳ್ಳಿ. ಒಂದು ಬಾಟಲಿ ಬ್ರೇಕ್ ಆಯಿಲ್, ಎರಡು ಬಲ್ಬು, ನಾಲ್ಕು ಫ್ಯೂಸ್, ವೈರ್ ಬ್ರಷ್, ಸೀಮೆಸುಣ್ಣ ಜೊತೆಗಿರಲಿ. ಗಾಡಿ ಇಳಿಸಿದ ಮೇಲೆ ಚಾಸಿ ನಂಬರ್ ಜಾಗ ಇನ್ನೊಮ್ಮೆ ಒರೆಸಿ, ಬಾನೆಟ್ ಎತ್ತಿಟ್ಟು ಕಾಯಿರಿ.